ದಂಡನಾಯಕನ ಅರ್ಥ ಹೇಳಿದ ಮಧ್ಯಾಹ್ನ

ಹನ್ನೊಂದು ವರ್ಷದ ಹಿಂದೆ ಕಳಸದ ಸಭಾಭವನದಲ್ಲಿ ನಡೆದ ತಾಳಮದ್ದಳೆಯಲ್ಲಿ ನಾನು ಚಂದ್ರಪ್ಪನನ್ನು ಮಾತಿನಲ್ಲಿ ಸೋಲಿಸಿದೆ ಎಂದು ಜನ ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ಅವನು ನನ್ನನ್ನು ನಂಬಿ ಹೇಳಿದ್ದ ಅವನ ತಾಯಿಯ ಗುಟ್ಟನ್ನು ಎರಡು ಹೋಳು ಮಾಡಿ, ನನಗೆ ಅನುಕೂಲವಾದ ಹೋಳನ್ನು ತುಂಬಿದ ಸಭೆಯಲ್ಲಿ ಎತ್ತಿ ಆಡಿ, ಅವನ ಬಾಯಿ ಕಟ್ಟಿದೆ. ಆ ತಾಯಿ ಅದೇ ಸಭೆಯಲ್ಲಿ ಕೂತಿದ್ದಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದುಕೊಂಡರೆ ಸುತ್ತಿ ಬಳಸಿ ಮಾತಾಡಿ, ಹೇಳಬೇಕಾದ್ದನ್ನು ಬಿಟ್ಟು ಎದ್ದು ಹೋಗುವ ಆಸಾಮಿ ನಾನು.

ಬರೆಯಲು ಕಾರಣವನ್ನೂ ಹೇಳುತ್ತೇನೆ. ಬರುವ ತಿಂಗಳು ನಮ್ಮ ತಾಳಮದ್ದಳೆ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ — ಸಕ್ಕರೆ ಕಾಯಿಲೆಯವನಿಗೆ ಹಣ್ಣಿನ ಬುಟ್ಟಿ. ಜೊತೆಗೆ ಒಂದು ಸ್ಮರಣ ಸಂಚಿಕೆ. ಅದಕ್ಕೆ ಎರಡು ಪುಟ ಬರೆದುಕೊಡಿ ಎಂದು ಕಾರ್ಯದರ್ಶಿ ಮನೆಗೇ ಬಂದಿದ್ದರು. ಏನು ಬರೆಯಲಿ ಎಂದು ಕೇಳಿದ್ದಕ್ಕೆ ಅವರು ನಕ್ಕು, “ಆ ಅಮೇರಿಕದ ಪ್ರಸಂಗದ್ದೇ ಬರೀರಿ ಮೇಷ್ಟ್ರೆ. ಚಂದ್ರಪ್ಪನ್ನ ನೀವು ಮಲಗಿಸಿದ್ದು” ಎಂದರು. ನಾನೂ ನಕ್ಕೆ. ಅವರು ಹೋದ ಮೇಲೆ ಬರೆಯಲು ಕೂತೆ, ಹರಿದೆ, ಮತ್ತೆ ಕೂತೆ. ಸುಳ್ಳು ಹೇಳುವುದಕ್ಕೂ ಒಂದು ಕಸುವು ಬೇಕು. ನನಗೀಗ ಅರವತ್ತೊಂಬತ್ತು, ಅದು ಉಳಿದಿಲ್ಲ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು. ಶಾಲೆ ಬಿಟ್ಟರೆ ತಾಳಮದ್ದಳೆ. ಗೊತ್ತಿಲ್ಲದವರಿಗೆ ಎರಡು ಮಾತು: ಇದರಲ್ಲಿ ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ನಾವು ಅರ್ಥಧಾರಿಗಳು ಪಂಚೆ-ಶರಟಿನಲ್ಲೇ ಎದುರುಬದುರು ಕೂತು, ನಮಗೆ ಬಂದ ಪಾತ್ರ ನಾವೇ ಆಗಿ ಮಾತಾಡುತ್ತೇವೆ, ಆ ಮಾತಿಗೇ ಅರ್ಥ ಎಂದು ಹೆಸರು. ಬಾಯಿಪಾಠವಿಲ್ಲ. ಕೌರವನ ಪಾತ್ರ ಬಂದವನಿಗೆ ಅಷ್ಟು ಹೊತ್ತು ಕೌರವನೇ ಸರಿ. ಹಾಗೆ ನಂಬಿ ವಾದ ಮಾಡದಿದ್ದರೆ ಅವನು ಅರ್ಥಧಾರಿಯೇ ಅಲ್ಲ. ಕೇಳುವವರೂ ನ್ಯಾಯ ಯಾರದು ಎಂದು ಚರ್ಚೆ ಮಾಡುತ್ತಾ ಮನೆಗೆ ಹೋಗುವುದಿಲ್ಲ, ಯಾರ ಮಾತು ಮೇಲಾಯಿತು ಎಂದು ಚರ್ಚೆ ಮಾಡುತ್ತಾ ಹೋಗುತ್ತಾರೆ. ಎಲ್ಲೂ ಬರೆದಿಡದ ಒಂದು ಕಟ್ಟಳೆ ಮಾತ್ರ ಉಂಟು. ಎದುರಿನವನ ಪಾತ್ರದ ಮೇಲೆ ಏನು ಬೇಕಾದರೂ ಅನ್ನಬಹುದು, ಎದುರಿನವನ ಮನೆಯ ಮಾತನ್ನು ಸಭೆಗೆ ತರಬಾರದು. ನನಗೆ ಇದನ್ನು ನನ್ನ ಗುರುಗಳು ಹೇಳಿಕೊಟ್ಟಿದ್ದರು. ಚಂದ್ರಪ್ಪನಿಗೆ ನಾನು ಹೇಳಿಕೊಟ್ಟಿದ್ದೆ.

ಪುರಾಣದ ಪ್ರಸಂಗಗಳನ್ನು ಹೇಳಿ ಹೇಳಿ ಸಾಕಾಗಿತ್ತೋ, ಇತಿಹಾಸದ ಮೇಷ್ಟರೆಂಬ ಜಂಬವೋ — ನಿವೃತ್ತಿಯ ವರ್ಷ ನನಗೆ ಹೊಸದೊಂದು ಪ್ರಸಂಗ ಬರೆಸಬೇಕೆಂಬ ಹುಚ್ಚು ಹತ್ತಿತು. ಅಮೇರಿಕದ ಅಂತರ್ಯುದ್ಧದ ಪುಸ್ತಕಗಳನ್ನು ಓದುತ್ತಿದ್ದೆ. ಜೀತದಾಳುಗಳನ್ನು ಇಟ್ಟುಕೊಂಡು ಹತ್ತಿ ತೋಟ ಮಾಡುತ್ತಿದ್ದ ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ, ತಮ್ಮದೇ ಒಕ್ಕೂಟ ಕಟ್ಟಿ, ತಮ್ಮದೇ ಸೈನ್ಯ ಎಬ್ಬಿಸಿ ನಾಲ್ಕು ವರ್ಷ ಕಾದಾಡಿ ಸೋತ ಕಥೆ ಅದು. ಆ ಒಕ್ಕೂಟದ ಎರಡು ಮೂರು ಸೇನಾಪತಿಗಳ ಬದುಕನ್ನು ಕಲಸಿ ನಾನು ಒಬ್ಬನನ್ನು ಮಾಡಿದೆ. ಹೆಸರಿಗೆ ನಾಲಿಗೆ ಹೊರಳುವುದಿಲ್ಲ ಎಂದು ‘ದಂಡನಾಯಕ’ ಎಂದಷ್ಟೇ ಕರೆದೆ.

ನನ್ನ ದಂಡನಾಯಕ ಹಳೆಯ ಮನೆತನ ಕುಸಿದ ಮೇಲೆ ಹುಟ್ಟಿದವನು. ಸೇನಾಶಾಲೆಯಲ್ಲಿ ಓದಿ, ಇಡೀ ದೇಶದ ಸೈನ್ಯದಲ್ಲಿ ಇಪ್ಪತ್ತೈದು ವರ್ಷ ಸೇವೆ ಮಾಡಿ ಹೆಸರು ಪಡೆದವನು. ದೇಶ ಒಡೆದಾಗ ಉತ್ತರದವರು ಮಹಾಸೇನಾನಿ ಪದವಿ ಕೊಡುತ್ತೇವೆಂದು ಕರೆದರು. ಹುಟ್ಟಿದ ನೆಲದ ಮೇಲೆ ಕತ್ತಿ ಎತ್ತಲಾರೆ ಎಂದು ರಾಜೀನಾಮೆ ಕೊಟ್ಟು ದಕ್ಷಿಣಕ್ಕೆ ಬಂದ. ಕಡಿಮೆ ಜನ, ಹಳೆಯ ಬಂದೂಕು — ಆದರೂ ಒಂದರ ಮೇಲೊಂದು ಗೆಲುವು. ಊರೂರಲ್ಲಿ ಅವನ ಹೆಸರನ್ನು ಮಕ್ಕಳಿಗೆ ಇಟ್ಟರು. ಆಮೇಲೆ ಒಂದು ದೊಡ್ಡ ಯುದ್ಧದಲ್ಲಿ, ಬೇಡ ಎಂದವರ ಮಾತು ಕೇಳದೆ, ಬಯಲಿನಲ್ಲಿ ಸೈನ್ಯವನ್ನು ನೇರ ನಡೆಸಿ ಅರ್ಧ ಜನರನ್ನು ಕಳೆದುಕೊಂಡ. ಅಲ್ಲಿಂದ ಇಳಿಜಾರು. ಸೈನಿಕರ ಕಾಲಿಗೆ ಬೂಟಿಲ್ಲ, ಹೊಟ್ಟೆಗೆ ಹುರಿದ ಜೋಳ. ಕೊನೆಗೆ ಒಬ್ಬ ರೈತನ ಮನೆಯ ಮುಂದಿನ ಕೋಣೆಯಲ್ಲಿ ಶರಣಾಗತಿಯ ಕಾಗದಕ್ಕೆ ಸಹಿ. ಉಳಿದ ಕಾಲ ಬಾಡಿಗೆ ಮನೆಯಲ್ಲಿ, ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಾ, ಯುದ್ಧದ ಮಾತೆತ್ತದೆ ತೀರಿಕೊಂಡ.

ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು — ಇದನ್ನೂ ಒಪ್ಪಿಕೊಳ್ಳಬೇಕು. ಸೋತೂ ತಲೆಯೆತ್ತಿ ಕೂತವನ ಮೇಲೆ ನಮ್ಮ ಸಭೆಗಳಿಗೆ ಮೊದಲಿನಿಂದ ಒಂದು ಮೋಹ, ನನಗೆ ಒಂದು ತೂಕ ಹೆಚ್ಚು. ಅವನು ಯಾವುದಕ್ಕಾಗಿ ಕಾದಿದ ಎಂಬಲ್ಲಿಗೆ ಬಂದಾಗ ಮಾತ್ರ ನಾನು ಬೇಗ ಬೇಗ ಪುಟ ತಿರುವಿದೆ. ಆ ಸೇನಾಪತಿಗಳಲ್ಲೊಬ್ಬ ಓಡಿಹೋದ ಜೀತದಾಳುಗಳನ್ನು ಹಿಡಿದು ತರಿಸಿ ಚಾವಟಿಯಿಂದ ಹೊಡೆಸಿದ್ದ ಎಂದು ಪುಸ್ತಕದಲ್ಲೇ ಇತ್ತು. ನನ್ನ ಟಿಪ್ಪಣಿಯಲ್ಲಿ ಅದು, ‘ಅವನ ಮನೆಯಲ್ಲೂ ಆಳುಗಳಿದ್ದರು, ಅವರನ್ನು ಮಕ್ಕಳಂತೆ ಕಂಡ’ ಎಂದಾಯಿತು. ಆ ವಾಕ್ಯ ಯಾವ ಪುಸ್ತಕದ್ದೂ ಅಲ್ಲ, ನನ್ನದು.

ಹೊರನಾಡಿನ ಕಡೆಯ ಭಾಗವತರೊಬ್ಬರು ಪದ್ಯ ಹೊಸೆದುಕೊಟ್ಟರು. ಹತ್ತಿ ತೋಟದ ವರ್ಣನೆಯಲ್ಲಿ ಕೋಗಿಲೆಯನ್ನೂ ಮಾವಿನ ಚಿಗುರನ್ನೂ ಸೇರಿಸಿಬಿಟ್ಟಿದ್ದರು. ಅಲ್ಲಿ ಮಾವು ಇಲ್ಲ ಎಂದರೆ, ನಮ್ಮ ಜನಕ್ಕೆ ಕಿವಿ ಉಂಟಲ್ಲ ಮಾರಾಯ್ರೆ, ಇರಲಿ ಬಿಡಿ ಎಂದರು. ಇರಲಿ ಎಂದು ನಾನೂ ಬಿಟ್ಟೆ.

ಎದುರು ಅರ್ಥಕ್ಕೆ ಚಂದ್ರಪ್ಪ. ಅವನು ಬಾಳೂರಿನ ಮೇಲ್ತೋಟ ಎಸ್ಟೇಟಿನ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಹುಟ್ಟಿದ ಹುಡುಗ, ನನ್ನ ಶಿಷ್ಯ. ಓದಿ, ಇನ್ನೊಂದು ತೋಟದಲ್ಲಿ ಹಾಜರಿ ಬರೆಯುವ ರೈಟರ್ ಆಗಿದ್ದ. ಒಳ್ಳೆಯ ಕಂಠ, ಅದಕ್ಕಿಂತ ಒಳ್ಳೆಯ ತಾಳ್ಮೆ. ಅವನನ್ನು ಅರ್ಥಕ್ಕೆ ಕೂರಿಸಿದವನು ನಾನೇ. ಲೈನಿನವನು ನಮ್ಮ ಸಾಲಿನಲ್ಲಿ ಕೂರುವುದೇ ಎಂದು ಒಂದಿಬ್ಬರು ಗೊಣಗಿದಾಗ ಅವರ ಮೇಲೆ ಜಗಳವಾಡಿದ್ದೂ ಉಂಟು. ಆ ಜಗಳವನ್ನು ಎಷ್ಟು ಸಲ ಎಷ್ಟು ಜನರಿಗೆ ಹೇಳಿಕೊಂಡೆನೋ — ಉಪಕಾರ ಮಾಡಿದವನಿಗೆ ತನ್ನ ಉಪಕಾರ ಮರೆಯುವುದಿಲ್ಲ.

ಪ್ರಸಂಗದಲ್ಲಿ ಅವನದು ಓಡಿಬಂದ ಜೀತದಾಳಿನ ಪಾತ್ರ. ತಪ್ಪಿಸಿಕೊಂಡು ಉತ್ತರದ ಸೈನ್ಯ ಸೇರಿದವನು ಶರಣಾಗತಿಯ ದಿನ ದಂಡನಾಯಕನ ಎದುರು ಬಂದು ನಿಂತು ಪ್ರಶ್ನೆ ಕೇಳುತ್ತಾನೆ. ದಂಡನಾಯಕ ಉತ್ತರವಿಲ್ಲದೆ ತಲೆ ತಗ್ಗಿಸುತ್ತಾನೆ, ಅಲ್ಲಿಗೆ ಮಂಗಳ. ಹಾಗೆಂದು ನಾನೇ ಬರೆದಿದ್ದೆ. ಯುದ್ಧದಲ್ಲಿ ಅಲ್ಲ, ಆ ಪ್ರಶ್ನೆಯ ಎದುರು ಅವನು ಬೀಳಬೇಕು ಎಂದು ಚಂದ್ರಪ್ಪನಿಗೆ ವಿವರಿಸಿ ಹೇಳಿದ್ದೂ ನಾನೇ.

ತಾಳಮದ್ದಳೆಗೆ ಹಿಂದಿನ ಭಾನುವಾರ ಚಂದ್ರಪ್ಪ ಬೈಕಿನಲ್ಲಿ ಬಂದ. ಭದ್ರಾ ಹೊಳೆಯ ದಂಡೆಯವರೆಗೆ ನಡೆದು ಹೋದೆವು. ಬಿಟ್ಟು ಹೋಗು ಎಂದರೂ ಹೋಗದೆ ನಿಂತ ಆಳುಗಳು ಅಮೇರಿಕದಲ್ಲೂ ಇದ್ದರಾ ಎಂದು ಕೇಳಿದ. ಇದ್ದರು ಎಂದೆ. ಆಮೇಲೆ ತನ್ನ ತಾಯಿ ದೇವಮ್ಮನ ವಿಷಯ ಹೇಳಿದ.

ಜೀತ ಹೋಯಿತು ಎಂದು ಸರ್ಕಾರ ಸಾರಿದ ಕಾಲದಲ್ಲಿ ಮೇಲ್ತೋಟಕ್ಕೂ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದಿದ್ದರಂತೆ. ಲೈನಿನವರನ್ನೆಲ್ಲ ಕಾಫಿ ಒಣಗಿಸುವ ಕಣದಲ್ಲಿ ಸಾಲಾಗಿ ನಿಲ್ಲಿಸಿ, ಜೀತಕ್ಕೆ ಇದ್ದೀರಾ, ಬಿಟ್ಟು ಹೋಗುತ್ತೀರಾ ಎಂದು ಒಬ್ಬೊಬ್ಬರನ್ನೇ ಕೇಳಿದರು. ಮೊದಲು ನಿಂತವಳು ದೇವಮ್ಮ. ಗಂಡ ತೀರಿಹೋಗಿದ್ದ, ಕಂಕುಳಲ್ಲಿ ಚಂದ್ರಪ್ಪ. ಜೀತ ಗೀತ ಎಂಥದೂ ಇಲ್ಲ, ಧಣಿಗಳು ಮನೆಯವರ ಹಾಗೆ ನೋಡಿಕೊಂಡಿದ್ದಾರೆ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದಳು. ಅವಳ ಹಿಂದಿದ್ದವರೂ ಹೆದರಿ ಅದನ್ನೇ ಹೇಳಿದರು. ಜೀಪು ಹಾಗೇ ಹೋಯಿತು. ದೇವಮ್ಮ ಬಾಯಿ ಬಿಟ್ಟದ್ದರಿಂದ ನಾವೆಲ್ಲ ಇಲ್ಲೇ ಕೊಳೆತೆವು ಎಂದು ಲೈನಿನವರು ಎಷ್ಟೋ ವರ್ಷ ಆಡಿಕೊಂಡರು. ಧಣಿಗಳ ಬಾಲ ಎಂದರು. ಅವಳು ಅನ್ನಿಸಿಕೊಂಡಳು.

ಆಕೆ ಹಾಗೆ ಹೇಳಿದ್ದೇಕೆ ಎಂಬುದು ಇನ್ನೊಂದು ಹೋಳು. ಹನ್ನೆರಡು ವರ್ಷದ ಮಗಳು ಲಲಿತಾ ಬಂಗಲೆಯ ಅಡುಗೆ ಮನೆಯಲ್ಲಿ ಕೆಲಸಕ್ಕಿದ್ದಳು. ಜೀಪು ಬರುವ ಹಿಂದಿನ ದಿನ ಅವಳನ್ನು ಲೈನಿಗೆ ಕಳಿಸಲಿಲ್ಲ. ಬೆಳಗ್ಗೆ ಮೇಸ್ತ್ರಿ ಬಂದು, ಮಗು ಬಂಗಲೆಯಲ್ಲಿ ಉಂಟು, ನೆನಪಿಟ್ಟುಕೊಂಡು ಮಾತಾಡು ಎಂದು ಹೇಳಿ ಹೋದ. ದೇವಮ್ಮ ನೆನಪಿಟ್ಟುಕೊಂಡು ಮಾತಾಡಿದಳು. ಈ ಕಾರಣವನ್ನು ಲೈನಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ಮಗುವನ್ನು ಬಂಗಲೆಯಲ್ಲಿ ಯಾಕೆ ಇಟ್ಟುಕೊಂಡಿದ್ದರು, ಏನು ಮಾಡಿದರು ಎಂದು ನೂರು ಬಾಯಿ ಕೇಳುತ್ತಿದ್ದವು. ಆ ಹುಡುಗಿಗೆ ಮದುವೆಯಾಗಬೇಕಿತ್ತು. ಮಗನಿಗೆ ಕೆಲಸ ಸಿಕ್ಕಿದ ದಿನ ಅವನೊಬ್ಬನಿಗೆ ಹೇಳಿದ್ದಳು.

“ಸಭೇಲಿ ನಾನು ಇದನ್ನ ಎತ್ತೋದಿಲ್ಲ ಮೇಷ್ಟ್ರೆ. ಒಳಗೆ ಇಟ್ಕೊಂಡು ಮಾತಾಡ್ತೀನಿ, ಅಷ್ಟೆ. ನೀವೂ ಯಾರ ಹತ್ರನೂ ಆಡ್ಬೇಡಿ” ಎಂದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು, “ನನ್ನ ಹೊಟ್ಟೇಲಿ ಹಾಕ್ಕೊಂಡೆ ಅಂತ ತಿಳ್ಕೋ ಮಾರಾಯ” ಎಂದೆ. ಆ ಕೈಯಿಟ್ಟದ್ದು ನಟನೆಯಲ್ಲ. ಆ ಹೊತ್ತಿಗೆ ನಿಜವಾಗಿಯೂ ಕಣ್ಣು ತುಂಬಿತ್ತು. ಕಣ್ಣು ತುಂಬಿದವನನ್ನು ನಂಬಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ತಾಳಮದ್ದಳೆ ಮಧ್ಯಾಹ್ನ ಮೂರಕ್ಕೆ. ಖರ್ಚು ವಹಿಸಿದವರು ಮೇಲ್ತೋಟದ ಈಗಿನ ಯಜಮಾನರು, ಹಳೆಯ ಧಣಿಗಳ ಮಗ. ಮುಂದಿನ ಸಾಲಿನ ನಡುವಿನ ಕುರ್ಚಿ ಅವರದು. ಚಂದ್ರಪ್ಪ ತಾಯಿಯನ್ನೂ ಲೈನಿನ ಏಳೆಂಟು ಮನೆಯವರನ್ನೂ ಜೀಪು ಮಾಡಿಸಿ ಕರೆಸಿದ್ದ. ಅವನ ಅರ್ಥವನ್ನು ದೇವಮ್ಮ ಒಮ್ಮೆಯೂ ಕೇಳಿರಲಿಲ್ಲ. ಅವರೆಲ್ಲ ಹಿಂದೆ, ಬಾಗಿಲ ಹತ್ತಿರ ಕೂತರು. ಲಲಿತೆಯ ಗಂಡನೂ ಇದ್ದ.

ದಂಡನಾಯಕನ ಏಳಿಗೆಯನ್ನು ನಾನು ಅವತ್ತು ಮುಕ್ಕಾಲು ಗಂಟೆ ಹೇಳಿದೆ. ಒಂದೊಂದು ಗೆಲುವಿಗೂ ಚಪ್ಪಾಳೆ. ಬೀಳುವುದನ್ನು ಇನ್ನೂ ಚೆನ್ನಾಗಿ ಹೇಳಿದೆ. ಬರಿಗಾಲಿನ ಸೈನಿಕರ ಹೆಜ್ಜೆಯ ರಕ್ತ ಮಂಜಿನ ಮೇಲೆ ಬಿದ್ದದ್ದನ್ನು ಹೇಳುವಾಗ ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರ ತೋಟ ಉಳಿಸಲು ಆ ರಕ್ತ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆನ್ನಿಸುವ ಹಾಗೆ ನಾನು ಹೇಳಿಯೂ ಇರಲಿಲ್ಲ.

ಆಮೇಲೆ ಚಂದ್ರಪ್ಪನ ಪದ್ಯ. ಅವನು ಕೂಗಲಿಲ್ಲ, ಕೈ ಬೀಸಲಿಲ್ಲ. ನಿಮ್ಮ ಸೈನಿಕರು ಒಂದು ಚಳಿಗಾಲ ಹಸಿದಿದ್ದಕ್ಕೆ ಸಭೆ ಅತ್ತಿತು, ನಾವು ಎಷ್ಟು ಚಳಿಗಾಲ ಹಸಿದೆವು ಎಂದು ಎಣಿಸಿದವರಿಲ್ಲ ಎಂದ. ಗೆದ್ದವನು ನಿಮ್ಮ ಕತ್ತಿಯನ್ನು ಗೌರವದಿಂದ ನಿಮಗೇ ಬಿಟ್ಟುಕೊಟ್ಟ, ಸಂತೆಯಲ್ಲಿ ಮಾರಿದ ನನ್ನ ಮಗುವನ್ನು ಯಾರು ತಂದುಕೊಡುತ್ತಾರೆ ಎಂದ. ಸಭೆ ಮೆಲ್ಲಗೆ ಅವನ ಕಡೆ ವಾಲುವುದು ನನಗೆ ಗೊತ್ತಾಗುತ್ತಿತ್ತು — ಅಷ್ಟು ವರ್ಷ ಕೂತವನಿಗೆ ಅದು ಬೆನ್ನಿಗೇ ಗೊತ್ತಾಗುತ್ತದೆ. ಕೊನೆಗೆ ಅವನು ನನ್ನ ಮುಖ ನೋಡಿ ಹೇಳಿದ: “ನಿಷ್ಠೆ, ನಿಷ್ಠೆ ಎನ್ನುತ್ತೀರಿ, ದಂಡನಾಯಕರೇ. ಯಾವುದಕ್ಕೆ ನಿಷ್ಠೆ? ಒಂದೇ ಮಾತಿನಲ್ಲಿ ಹೇಳಿ.”

ಉತ್ತರ ಒಂದೇ ಇತ್ತು, ಅದನ್ನು ಹೇಳಲಾಗದೆ ದಂಡನಾಯಕ ತಲೆ ತಗ್ಗಿಸಬೇಕಿತ್ತು. ನಾನೇ ಬರೆದ ಪ್ರಸಂಗ. ನಾನು ತಲೆ ತಗ್ಗಿಸಿದ್ದರೆ ಆ ಸಭೆ ಕಂಡ ಅತಿ ಒಳ್ಳೆಯ ಅರ್ಥ ಅದೇ ಆಗುತ್ತಿತ್ತು, ಇಬ್ಬರದೂ. ಆದರೆ ಸಭೆ ಪಿಟ್ಟೆನ್ನದೆ ಕೂತಿದೆ, ಯಜಮಾನರು ನನ್ನನ್ನೇ ನೋಡುತ್ತಿದ್ದಾರೆ, ನಾನು ಅಕ್ಷರ ಕಲಿಸಿದ ಹುಡುಗ ಎದುರು ಕೂತು ಕಾಯುತ್ತಿದ್ದಾನೆ. ಸೋತವನ ಪಾತ್ರ ಬೇಕು, ಸೋಲು ಬೇಡ — ಆಗ ನನಗೆ ಅನ್ನಿಸಿದ್ದು ಇಷ್ಟೇ. ಒಂದು ನಿಮಿಷ ಇದ್ದೀತು. ಯೋಚಿಸದೆ ಬಾಯಿಗೆ ಬಂತು ಎಂದು ನನಗೆ ನಾನೇ ಬಹಳ ಕಾಲ ಹೇಳಿಕೊಂಡಿದ್ದೇನೆ. ಯೋಚಿಸಿದೆ. ಮಾತುಗಳನ್ನು ಆರಿಸಿದೆ.

“ಅಯ್ಯಾ, ದೂರದ ಮಾತೇಕೆ?” ಎಂದೆ. “ಈ ಗುಡ್ಡದಾಚೆ, ಬಾಳೂರಿನ ಒಂದು ತೋಟದಲ್ಲಿ ಒಬ್ಬ ತಾಯಿ. ಸರ್ಕಾರವೇ ಬಂದು, ಕಣದಲ್ಲಿ ನಿಲ್ಲಿಸಿ, ನೀನು ಸ್ವತಂತ್ರಳು, ಹೋಗು ಎಂದಿತು. ಅವಳು ಕೈಮುಗಿದು, ಧಣಿಯೇ ನನಗೆ ತಾಯಿತಂದೆ, ಎಲ್ಲಿಗೂ ಹೋಗೆನು ಎಂದಳು. ಆ ಪ್ರೀತಿಗೆ ನೀನು ಯಾವ ಹೆಸರಿಡುವೆ? ಆ ತಾಯಿ ನಿನಗೆ ಗೊತ್ತು. ಹೇಳು.”

ಅಮೇರಿಕದ ದಂಡನಾಯಕನಿಗೆ ಬಾಳೂರು ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ಇಂಥ ಜಿಗಿತಕ್ಕೆ ಜನ ನಗುತ್ತಾರೆ, ನಕ್ಕರು ಕೂಡ. ಆಮೇಲೆ ಬಾಳೂರಿನವರ ತಲೆಗಳು ಒಂದೊಂದಾಗಿ ಬಾಗಿಲ ಕಡೆ ತಿರುಗಿದವು.

ಚಂದ್ರಪ್ಪ ಬಾಯಿ ತೆರೆದ. ಉತ್ತರ ಅವನಲ್ಲಿ ಇತ್ತು — ಇನ್ನೊಂದು ಹೋಳು ಅವನ ನಾಲಿಗೆಯ ಮೇಲೇ ಇತ್ತು, ಒಂದು ವಾಕ್ಯ ಸಾಕಿತ್ತು, ನನ್ನನ್ನೂ ದಂಡನಾಯಕನನ್ನೂ ಅಲ್ಲೇ ಮಣ್ಣು ಮುಕ್ಕಿಸಲು. ಅವನು ಹಿಂದಿನ ಸಾಲಿನ ಕಡೆ ನೋಡಿದ. ತಾಯಿಯನ್ನು ನೋಡಿದನೋ, ಭಾವನನ್ನು ನೋಡಿದನೋ. ಬಾಯಿ ಮುಚ್ಚಿದ. “ಭಾಗವತರೇ, ಮುಂದಿನ ಪದ್ಯ” ಎಂದ, ಅಷ್ಟೆ. ಸಭೆ ಎದ್ದು ಚಪ್ಪಾಳೆ ತಟ್ಟಿತು. ಯಜಮಾನರು ಮೊದಲು ಎದ್ದರು. ಇತಿಹಾಸದಲ್ಲಿ ಬಿದ್ದ ದಂಡನಾಯಕನನ್ನು ನಾನು ಕಳಸದಲ್ಲಿ ಎತ್ತಿ ನಿಲ್ಲಿಸಿದೆ.

ಮುಗಿದ ಮೇಲೆ ದೇವಮ್ಮ ಪಕ್ಕದ ಬಾಗಿಲಲ್ಲಿ ನನಗೆ ಎದುರಾದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. “ಊಟ ಮಾಡ್ಕೊಂಡು ಹೋಗಿ ಮೇಷ್ಟ್ರೆ, ತಡ ಆಗ್ತದೆ” ಎಂದಳು. ಹೂಂ ಎಂದೆ. ಹೋಗಿ ಊಟ ಮಾಡಿದೆ, ಪಾಯಸ ಎರಡು ಸಲ ಹಾಕಿಸಿಕೊಂಡೆ.

ಚಂದ್ರಪ್ಪ ಮತ್ತೆ ಅರ್ಥಕ್ಕೆ ಕೂರಲಿಲ್ಲ. ಮೇಷ್ಟ್ರ ಎದುರು ನಿಲ್ಲಲು ಆಗಲಿಲ್ಲ, ಹೆದರಿಬಿಟ್ಟ ಎಂದು ಜನ ಆಡಿಕೊಂಡರು. ಹುಡುಗ ಇನ್ನೂ ಪಳಗಬೇಕು ಎಂದು ನಾನು ದೊಡ್ಡತನ ತೋರಿಸಿದೆ. ಲೈನಿನಲ್ಲಿ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು ಎಂದೂ, ಒಂದೆರಡು ಮನೆಯವರು ದೇವಮ್ಮನ ಜೊತೆ ಮಾತು ಬಿಟ್ಟರು ಎಂದೂ ಕಿವಿಗೆ ಬಿತ್ತು. ಕೇಳಿಸಿಕೊಂಡು ಸುಮ್ಮನಾದೆ. ಇನ್ನೂ ಹೇಸಿಗೆಯ ಮಾತೊಂದು ಉಂಟು. ಆ ಪ್ರಸಂಗವನ್ನು ಆಮೇಲೆ ನಾಲ್ಕು ಕಡೆ ಆಡಿಸಿದರು, ಬೇರೆ ಬೇರೆ ಎದುರಾಳಿಗಳೊಂದಿಗೆ. ನಾಲ್ಕು ಕಡೆಯೂ ಕಣದಲ್ಲಿ ನಿಂತ ಆ ತಾಯಿಯನ್ನು ತಂದೆ. ಜನ ಅದಕ್ಕೇ ಕಾಯುತ್ತಿದ್ದರು. ಮೊದಲ ಸಲ ಹೇಳಿದ್ದು ದುಡುಕು ಎಂದೇ ಇಟ್ಟುಕೊಳ್ಳಿ. ಐದನೆಯ ಸಲದ್ದಕ್ಕೆ ಏನೆನ್ನುತ್ತೀರಿ?

ದೇವಮ್ಮ ತೀರಿಕೊಂಡು ಆರು ವರ್ಷವಾಯಿತು. ನಾನು ಹೋಗಿದ್ದೆ. ಚಂದ್ರಪ್ಪ ಕುರ್ಚಿ ತಂದು ಹಾಕಿದ, ಕೂತೆ, ಎದ್ದು ಬಂದೆ. ಅಲ್ಲಿಯವರೆಗೆ, ಒಂದಲ್ಲ ಒಂದು ದಿನ ಆಕೆಗೆ ಹೇಳಿದರಾಯಿತು ಎಂಬ ಸೋಮಾರಿ ಧೈರ್ಯವೊಂದಿತ್ತು. ಆಕೆ ಹೋದ ಮೇಲೆ ಅದೂ ಹೋಯಿತು. ಹೇಳಿದ್ದು ದಂಡನಾಯಕ, ನಾನಲ್ಲ. ಪಾತ್ರಕ್ಕೆ ನ್ಯಾಯ ಒದಗಿಸಿದೆ. ಹೆಸರು ಹಿಡಿದು ಹೇಳಲಿಲ್ಲವಲ್ಲ — ಎಲ್ಲವನ್ನೂ ನನ್ನ ಎದುರಿಗೇ ವಾದ ಮಾಡಿ ನೋಡಿದ್ದೇನೆ. ನಾನು ಒಳ್ಳೆಯ ಅರ್ಥಧಾರಿ, ನನ್ನನ್ನು ನಾನು ಸುಲಭವಾಗಿ ಗೆಲ್ಲುತ್ತೇನೆ. ಗೆದ್ದು ಗೆದ್ದು ಸುಸ್ತಾಯಿತು.

ಈ ಸಂಚಿಕೆಗೆ ನಿಜ ಬರೆಯೋಣ ಎಂದು ಕೂತಾಗ ಒಂದು ಕಡೆ ಕೈ ನಿಂತಿತು. ದೇವಮ್ಮ ಯಾಕೆ ಹಾಗೆ ಹೇಳಿದಳು ಎಂದು ಬರೆಯದೆ ನನ್ನ ಸುಳ್ಳು ಬಯಲಾಗುವುದಿಲ್ಲ. ಬರೆದರೆ ಮತ್ತೆ ಅವರ ಮನೆಯ ಮಾತನ್ನೇ ಹೊರಗೆ ತಂದ ಹಾಗೆ. ಕೇಳದೆ ಬರೆಯಬಾರದು ಎಂದು ಬಸ್ಸು ಹತ್ತಿ ಆಲ್ದೂರಿಗೆ ಹೋದೆ. ಚಂದ್ರಪ್ಪ ಈಗ ಅಲ್ಲಿ ಕಾಫಿ ವ್ಯಾಪಾರದ ಮಂಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕೂದಲು ನೆರೆತಿದೆ. ಹೋಟೆಲಿನಲ್ಲಿ ಕಾಫಿ ಕುಡಿಸಿದ. ಅಲ್ಲಿ ಕೂತು ಎಲ್ಲವನ್ನೂ ಹೇಳಿದೆ, ತಪ್ಪಾಯಿತು ಎಂದೆ. ಅವನು ಕೇಳಿಸಿಕೊಂಡ. ಆಯಿತು ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ, ಅದನ್ನು ಹೇಳುವ ಹಕ್ಕು ತನಗಿಲ್ಲ, ಅಕ್ಕನನ್ನು ಕೇಳಿ ಎಂದ. ಮೊದಲ ಸಲವೂ ಅಕ್ಕನನ್ನು ಕೇಳದೆ ನನಗೆ ಹೇಳಿದ್ದು ತನ್ನ ತಪ್ಪು ಎಂದ. ನನ್ನ ಪಾಪದಲ್ಲಿ ಒಂದು ಪಾಲನ್ನು ಅವನು ಇಷ್ಟು ವರ್ಷ ಹೊತ್ತುಕೊಂಡಿದ್ದ ಎಂದು ಆಗ ಗೊತ್ತಾಯಿತು.

ಲಲಿತಮ್ಮ ಹೊರನಾಡಿನಲ್ಲಿ ಯಾತ್ರಿಕರು ಉಳಿಯುವ ಲಾಡ್ಜೊಂದರ ಅಡುಗೆ ಮನೆಯಲ್ಲಿದ್ದಾರೆ. ಗಂಡ ಈಗಿಲ್ಲ. ನಾನು ಹೋದಾಗ ರಾಶಿ ಸೌತೆಕಾಯಿ ಮುಂದಿಟ್ಟುಕೊಂಡು ಹೆಚ್ಚುತ್ತಿದ್ದರು. ತಮ್ಮ ಮೊದಲೇ ಫೋನ್ ಮಾಡಿದ್ದನಂತೆ. ಕೂರಲು ಹೇಳಿ, ಹೆಚ್ಚುತ್ತಲೇ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೂ ಇನ್ನೆರಡು ಸೌತೆಕಾಯಿ ಹೆಚ್ಚಿದರು.

“ಅಮ್ಮ ಸುಳ್ಳು ಹೇಳಿದ್ದು ನನಗೋಸ್ಕರ ಅಂತ ಹೇಳಿ” ಎಂದರು. “ಹೆಸರು ಹಾಕಿ, ನನಗೆಂತ ನಾಚಿಕೆ ಇಲ್ಲ. ಬಂಗ್ಲೆ ಒಳಗೆ ಎಂತ ಆಯ್ತು ಅನ್ನೋದು ನಿಮಗೆ ಗೊತ್ತಿಲ್ಲ. ತಮ್ಮನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಚೆಂದ ಮಾಡಿ ಹೇಳ್ಬೇಡಿ.”

ಇಲ್ಲ ಎಂದೆ. ಆಮೇಲೆ ಅವರು ಕತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. “ಪುಸ್ತಕ ನಮ್ಮ ಲೈನಿನೋರು ಯಾರು ಓದ್ತಾರೆ ಮೇಷ್ಟ್ರೆ? ನೀವು ಅಮ್ಮನ್ನ ಆಡಿದ್ದು ಬಾಯಲ್ಲಿ, ಅಷ್ಟು ಜನದ ಮುಂದೆ. ಇದನ್ನೂ ಬಾಯಲ್ಲೇ ಹೇಳಿ.”

ಹಾಗಾಗಿ ಇದು ಸಂಚಿಕೆಗೆ ಬರೆದದ್ದಾದರೂ, ಸನ್ಮಾನಕ್ಕೆ ಇಟ್ಟಿರುವ ದಿನ ಅದೇ ಸಭಾಭವನದಲ್ಲಿ ನಾನೇ ನಿಂತು ಹೇಳುತ್ತೇನೆ. ಕಾರ್ಯದರ್ಶಿಗೆ ತಿಳಿಸಿದೆ. ಶಾಲು ಬೇಡ, ಹಾರ ಬೇಡ, ಮಾತಿಗೆ ಹತ್ತು ನಿಮಿಷ ಕೊಡಿ, ಬಾಳೂರಿನ ಲೈನಿನವರಿಗೆ ಜೀಪು ಕಳಿಸುವುದು ನನ್ನ ಜವಾಬ್ದಾರಿ ಎಂದೆ. ಯಜಮಾನರೂ ಬರುತ್ತಾರೆ, ಸಭೆ ಕೆಡುತ್ತದೆ ಮೇಷ್ಟ್ರೆ, ಹಳೇದನ್ನು ಯಾಕೆ ಕೆದಕುತ್ತೀರಿ ಎಂದು ಅವರು ಎರಡು ದಿನ ಫೋನ್ ಮಾಡಿದರು. ಕೆಡಲಿ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಹೆದರಿಕೆ ಇದೆ, ಆ ಜನ ನನ್ನನ್ನು ನೋಡುವ ರೀತಿ ಬದಲಾಗುತ್ತದಲ್ಲ ಎಂಬ ಹೆದರಿಕೆ. ಆ ನೋಟಕ್ಕಾಗಿಯೇ ಅಲ್ಲವೇ ಅಂದು ಅಷ್ಟೆಲ್ಲ ಮಾಡಿದ್ದು.

ಚಂದ್ರಪ್ಪನಿಗೂ ಫೋನ್ ಮಾಡಿ, ಬರುತ್ತೀಯಾ ಎಂದು ಕೇಳಿದೆ.

“ಇಲ್ಲ ಮೇಷ್ಟ್ರೆ” ಎಂದ. “ನೀವು ಎದ್ದು ನಿಂತು ಮಾತಾಡ್ತೀರಿ ಅಂದ್ರೆ ನಂಗೆ ಇವತ್ತಿಗೂ ಹೆದ್ರಿಕೆ. ನೀವು ತಪ್ಪು ಒಪ್ಕೊಂಡ್ರೂ ಅದು ಚೆಂದ ಇರ್ತದೆ. ಜನ ಅದಕ್ಕೂ ಚಪ್ಪಾಳೆ ತಟ್ತಾರೆ.”

ಅವನು ಹೇಳಿದ್ದು ಸರಿ. ಈ ಬರಹವನ್ನೇ ಮತ್ತೊಮ್ಮೆ ಓದಿ ನೋಡಿದೆ. ಅಲ್ಲಲ್ಲಿ ನನಗೇ ತಲೆದೂಗಬೇಕೆನ್ನಿಸಿತು. ಆದ್ದರಿಂದ ಇದನ್ನು ಸಭೆಯಲ್ಲಿ ಓದುವುದಿಲ್ಲ. ಹತ್ತು ನಿಮಿಷವೂ ಬೇಡ. ಅಂದು ಹೇಳುವುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಅದರ ಮೇಲೆ ಒಂದು ಮಾತೂ ಸೇರಿಸದೆ ಓದಿ ಕೆಳಗಿಳಿಯುತ್ತೇನೆ:

ಚಂದ್ರಪ್ಪ ಅವತ್ತು ಸೋಲಲಿಲ್ಲ. ದೇವಮ್ಮನವರು ಧಣಿಗಳ ಮೇಲಿನ ಪ್ರೀತಿಗೆ ತೋಟದಲ್ಲಿ ಉಳಿದವರಲ್ಲ. ಮಗಳು ಲಲಿತಮ್ಮನನ್ನು ಬಂಗಲೆಯಲ್ಲಿ ಹಿಡಿದಿಟ್ಟುಕೊಂಡು ಹೆದರಿಸಿದ್ದರಿಂದ ಹಾಗೆ ಹೇಳಿದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.